ಪಂಡಿತಾ ರಮಾಬಾಯಿ ನಿಜಕ್ಕೂ ಅಷ್ಟು ಉಗ್ರ ಹೋರಾಟಗಾರ್ತಿಯೇ?

ಪ್ರಶ್ನೆ: ನನ್ನ ಮಗಳು ಕಾಲೇಜಿಗೆ ಪಂಡಿತಾ ರಮಾಬಾಯಿ ಬಗ್ಗೆ ಪ್ರಬಂಧ ಬರೆಯಬೇಕು. ಅವರು ನಮ್ಮ ಕಾರ್ಕಳದ ಕಡೆಯವರು ಅಂತ ಒಬ್ಬರು, ಅಲ್ಲ, ಮಹಾರಾಷ್ಟ್ರದವರು ಅಂತ ಇನ್ನೊಬ್ಬರು ಹೇಳುತ್ತಾರೆ. ಹೆಣ್ಣಿನ ಹಕ್ಕಿಗಾಗಿ ಉಗ್ರವಾಗಿ ಹೋರಾಡಿದವರು ಅಂತ ಪುಸ್ತಕದಲ್ಲಿದೆ. ಮನೆಯ ಹಿರಿಯರು ಮಾತ್ರ ‘ಮತಾಂತರ ಮಾಡಿಸಿದವರು, ಅಷ್ಟೇ’ ಅಂತ ಮಾತು ಮುಗಿಸುತ್ತಾರೆ. ಯಾವುದು ನಿಜ? ಅವರ ವಿಚಾರಗಳಾದರೂ ಏನು?

ಉತ್ತರ: ಊರಿನ ಜಗಳ ಮೊದಲು ಮುಗಿಸೋಣ. ಇಬ್ಬರು ಹೇಳುವುದೂ ಸರಿ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಬ್ರಾಹ್ಮಣರು. ಮನೆಮಾತು ಮರಾಠಿ. ಮುಂದೆ ಅವರು ಕೆಲಸ ಮಾಡಿದ್ದು ಮುಂಬಯಿ, ಪುಣೆ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ. ಹಾಗಾಗಿ ಎರಡೂ ಕಡೆಯವರು ‘ನಮ್ಮವರು’ ಅನ್ನಬಹುದು. ವಿಚಿತ್ರ ಏನೆಂದರೆ, ತುಂಬಾ ಕಾಲ ಎರಡೂ ಕಡೆಯವರು ಹಾಗೆ ಅನ್ನಲು ಹಿಂದೇಟು ಹಾಕಿದರು.

ಇನ್ನು ದೊಡ್ಡ ಪ್ರಶ್ನೆ. ಹೌದು, ಅವರು ಉಗ್ರರೇ. ಹಾಗನ್ನಲು ಅವರು ಧರ್ಮ ಬದಲಿಸಿದ್ದು ಕಾರಣವಲ್ಲ. ಹೆಣ್ಣಿನ ಬದುಕಿನ ಯಜಮಾನಿಕೆ ತನ್ನದು ಎಂದು ಯಾರು ಬಂದರೂ ಅವರಿಗೆ ರಮಾಬಾಯಿ ಎದುರು ಮಾತಾಡಿದರು. ಶಾಸ್ತ್ರಿಗಳಿಗೆ ಆಡಿದರು, ಬ್ರಿಟಿಷ್ ಸರ್ಕಾರಕ್ಕೆ ಆಡಿದರು. ತಾವೇ ಸೇರಿಕೊಂಡ ಚರ್ಚಿನ ಬಿಷಪ್ಪರಿಗೂ ಆಡಿದರು, ತಮ್ಮನ್ನು ಬೆಂಬಲಿಸಿದ ಸುಧಾರಕ ಗಂಡಸರಿಗೂ ಆಡಿದರು. ಮತಾಂತರದ ವಿಷಯವನ್ನು ಮಾತ್ರ ಹಿಡಿದು ಎಳೆದಾಡಿದರೆ ಈ ನಾಲ್ಕರಲ್ಲಿ ಮೂರು ಜಗಳಗಳು ಕಾಣುವುದೇ ಇಲ್ಲ.

ಈ ಸ್ವಭಾವ ಎಲ್ಲಿಂದ ಬಂತು ಅಂತ ತಿಳಿಯಲು ಅವರ ಅಪ್ಪನಿಂದಲೇ ಶುರು ಮಾಡಬೇಕು. ಅನಂತ ಶಾಸ್ತ್ರಿ ಸನಾತನಿ. ಜಾತಿ, ಮಡಿ, ತೀರ್ಥಯಾತ್ರೆ ಯಾವುದನ್ನೂ ಬಿಟ್ಟವರಲ್ಲ. ಆದರೆ ಹುಡುಗನಾಗಿದ್ದಾಗ ಗುರುವಿನ ಜೊತೆ ಪುಣೆಯಲ್ಲಿ ಪೇಶ್ವೆಯ ಅರಮನೆಗೆ ಹೋಗುತ್ತಿದ್ದರು. ಅಲ್ಲಿ ಪೇಶ್ವೆಯ ಹೆಂಡತಿ ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿದರು. ಹೆಂಗಸು ಸಂಸ್ಕೃತ ಕಲಿಯಬಹುದು ಅನ್ನುವುದೇ ಅವರಿಗೆ ಹೊಸ ಸಂಗತಿ. ನನ್ನ ಹೆಂಡತಿಗೂ ಕಲಿಸುತ್ತೇನೆ ಎಂದು ಮನಸ್ಸು ಮಾಡಿದರು. ಮೊದಲ ಹೆಂಡತಿಗೆ ಕಲಿಸಲು ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಎರಡನೇ ಮದುವೆ ಆಯಿತು.

ಆ ಮದುವೆಯ ಕತೆಯನ್ನು ರಮಾಬಾಯಿ ಮುಂದೆ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿದ್ದಾರೆ. ಒಬ್ಬ ತಂದೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಯಾತ್ರೆ ಹೊರಟಿದ್ದಾನೆ. ಗೋದಾವರಿಯಲ್ಲಿ ಬೆಳಗಿನ ಸ್ನಾನ ಮಾಡುವಾಗ ಲಕ್ಷಣವಾದ ಒಬ್ಬ ಮನುಷ್ಯ ಕಾಣುತ್ತಾನೆ. ಸ್ನಾನ, ಸಂಧ್ಯಾವಂದನೆ ಮುಗಿದ ಮೇಲೆ ಜಾತಿ, ಗೋತ್ರ, ಊರು ವಿಚಾರಿಸುತ್ತಾನೆ. ವಿಧುರ ಅಂತ ಗೊತ್ತಾಗುತ್ತದೆ. ಒಂಬತ್ತು ವರ್ಷದ ಮಗಳನ್ನು ಕೊಡುತ್ತೇನೆ ಅನ್ನುತ್ತಾನೆ. ಸುಮಾರು ಒಂದು ಗಂಟೆಯಲ್ಲಿ ಎಲ್ಲಾ ತೀರ್ಮಾನ. ಮರುದಿನ ಮದುವೆ. ಅದರ ಮರುದಿನ ತಂದೆ ಹಗುರ ಮನಸ್ಸಿನಿಂದ ಯಾತ್ರೆ ಮುಂದುವರಿಸುತ್ತಾನೆ. ಗುರುತೇ ಇಲ್ಲದವನ ಜೊತೆ ಆ ಹುಡುಗಿ ನೂರಾರು ಮೈಲಿ ದೂರ ಹೋಗುತ್ತಾಳೆ. ಪುಣ್ಯಕ್ಕೆ ಒಳ್ಳೆಯವರ ಕೈ ಸೇರಿದಳು ಎಂದು ರಮಾಬಾಯಿ ಬರೆಯುತ್ತಾರೆ. ಆ ಹುಡುಗಿ ತನ್ನ ತಾಯಿ ಎಂದು ಮಾತ್ರ ಅಲ್ಲಿ ಹೇಳುವುದಿಲ್ಲ! ಅದನ್ನು ತಿಳಿಸಿದ್ದು ಪುಸ್ತಕಕ್ಕೆ ಮುನ್ನುಡಿ ಬರೆದ ಅಮೆರಿಕದ ರೇಚಲ್ ಬಾಡ್ಲಿ.

ಆ ಹುಡುಗಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಅನಂತ ಶಾಸ್ತ್ರಿ ಶುರು ಮಾಡಿದಾಗಲೂ ಊರಿನವರು ಸುಮ್ಮನಿರಲಿಲ್ಲ. ಅವರು ಹೆಂಡತಿಯನ್ನು ಕರೆದುಕೊಂಡು ಕಾಡಿಗೆ ಹೋದರು. ಮೊದಲ ರಾತ್ರಿ ತಲೆಯ ಮೇಲೆ ಸೂರು ಇರಲಿಲ್ಲ. ಕಣಿವೆಯ ಆಚೆ ಹುಲಿ ಗರ್ಜಿಸುತ್ತಿತ್ತಂತೆ. ಹುಡುಗಿ ಹೆದರಿ ದುಪ್ಪಟಿ ಸುತ್ತಿಕೊಂಡು ನೆಲದ ಮೇಲೆ ಮುದುಡಿಕೊಂಡಿದ್ದಾಳೆ, ಗಂಡ ಬೆಳಗಾಗುವ ತನಕ ಕಾವಲು ಕೂತಿದ್ದಾನೆ. ಆಮೇಲೆ ಅಲ್ಲೇ ಮನೆ ಕಟ್ಟಿದರು, ವಿದ್ಯಾರ್ಥಿಗಳು ಬಂದರು, ಒಂದು ಆಶ್ರಮವೇ ಆಯಿತು. ಉಡುಪಿಯ ಮಠದಿಂದ ಕರೆ ಬಂತು: ಹೆಂಗಸಿಗೆ ದೇವಭಾಷೆ ಯಾಕೆ ಕಲಿಸಿದೆ, ಬಂದು ಉತ್ತರ ಕೊಡು. ಅನಂತ ಶಾಸ್ತ್ರಿ ಹೋದರು. ಹೆಂಗಸರೂ ಶೂದ್ರರೂ ವೇದ ಬಿಟ್ಟು ಉಳಿದ ಸಂಸ್ಕೃತ ಸಾಹಿತ್ಯ ಕಲಿಯಬಹುದು ಎಂದು ಶಾಸ್ತ್ರಗಳಿಂದಲೇ ಆಧಾರ ಎತ್ತಿ ತೋರಿಸಿ, ವಿದ್ವಾಂಸರ ಸಭೆಯಲ್ಲಿ ವಾದ ಮಾಡಿದರು. ಬಹಿಷ್ಕಾರ ತಪ್ಪಿತು. ಎದುರಾಳಿಯ ಗ್ರಂಥದಿಂದಲೇ ಎದುರಾಳಿಗೆ ಉತ್ತರ ಕೊಡುವ ಈ ವರಸೆ ಮಗಳಿಗೆ ಚೆನ್ನಾಗಿ ಒಗ್ಗಿತು.

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಮನೆ ಬಿಟ್ಟರು. ಆಶ್ರಮ ನಡೆಸಿ, ಬಂದವರಿಗೆಲ್ಲ ಊಟ ಹಾಕಿ ಅಪ್ಪ ಸಾಲಗಾರರಾಗಿದ್ದರು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಒಬ್ಬ ಆಳು ತಲೆ ಮೇಲೆ ಹೊತ್ತು ಬೆಟ್ಟ ಇಳಿದ. ಅಲ್ಲಿಂದ ಮುಂದೆ ಊರೂರು ಸುತ್ತಿ ಪುರಾಣ ಹೇಳುವುದೇ ಬದುಕು. ಬೆಳಗಿನ ಜಾವ ಅಮ್ಮ ಮುದ್ದು ಮಾಡಿ ಎಬ್ಬಿಸುತ್ತಿದ್ದರು, ನಿದ್ದೆಗಣ್ಣಲ್ಲೇ ಪಾಠ ಶುರು. ಪುಸ್ತಕ ಇಲ್ಲ, ಅಮ್ಮನ ಬಾಯಿಮಾತೇ ಪುಸ್ತಕ. ಹೀಗೆ ಭಾಗವತ ಪೂರ್ತಿ ಬಾಯಿಪಾಠ ಆಯಿತು. ಅಲೆದಾಟದಲ್ಲಿ ಕನ್ನಡ, ಹಿಂದೂಸ್ತಾನಿಯಂಥ ಭಾಷೆಗಳೂ ಬಂದವು.

1870ರ ದಶಕದ ಬರಗಾಲ ಈ ಕುಟುಂಬವನ್ನು ಮುರಿದು ಹಾಕಿತು. ಸಂಪ್ರದಾಯಸ್ಥರು, ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಸಂಕೋಚ. ಇದ್ದಬದ್ದದ್ದೆಲ್ಲ ದಾನ, ವ್ರತ, ದೇವರ ಸೇವೆಗೆ ಖರ್ಚಾಯಿತು. ಕೊನೆಗೆ ಕಾಡಿನ ಎಲೆ, ಹಣ್ಣು ತಿಂದರು. 1874ರಲ್ಲಿ ಅಪ್ಪ ಹೋದರು. ಕೆಲವೇ ತಿಂಗಳಲ್ಲಿ ಅಮ್ಮ. ಅಮ್ಮನ ಶವ ಹೊರಲು ನಾಲ್ಕು ಜನ ಸಿಗಲಿಲ್ಲ. ಹೇಗೋ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯವಳು ರಮಾ. ಅವಳು ಗಿಡ್ಡ, ಹೆಗಲು ಕೊಟ್ಟರೆ ಚಟ್ಟ ಓರೆಯಾಗುತ್ತದೆ. ಅದಕ್ಕೇ ತನ್ನ ಕಡೆಯ ತುದಿಯನ್ನು ತಲೆ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಆಮೇಲೆ ಅಕ್ಕನೂ ತೀರಿಕೊಂಡಳು.

ಉಳಿದದ್ದು ಅಣ್ಣ ತಂಗಿ. ಇಬ್ಬರೂ ಸಾವಿರಾರು ಮೈಲಿ ನಡೆದರು, ಕಾಶ್ಮೀರದವರೆಗೆ. ಹೊದೆಯಲು ಬಟ್ಟೆ ಇಲ್ಲ. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾಗದೆ ಗುಂಡಿ ತೋಡಿ, ಅದರೊಳಗೆ ಕೂತು, ತಲೆ ಮಾತ್ರ ಹೊರಗೆ ಬಿಟ್ಟು ಮೈಗೆಲ್ಲ ಮರಳು ಮುಚ್ಚಿಕೊಂಡರು. ಮುಂದೆ ರಮಾಬಾಯಿ ಹಸಿದ ಹುಡುಗಿಯರನ್ನು ಕರೆತರಲು ಬರದ ನಾಡಿಗೆ ತಾವೇ ಹೋದದ್ದು ಯಾಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ಇದೇ ನಡಿಗೆಯಲ್ಲಿ ಅವರ ನಂಬಿಕೆಯೂ ಕರಗಿತು. ಶಾಸ್ತ್ರ ಹೇಳಿದ್ದನ್ನೆಲ್ಲ ಮಾಡಿದ್ದೆವು, ದೇವರು ಬರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ.

1878ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಇಪ್ಪತ್ತರ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ‘ಪಂಡಿತಾ’, ‘ಸರಸ್ವತಿ’ ಬಿರುದು ಕೊಟ್ಟರು. ಆಗ ಒಂದು ಕ್ರೈಸ್ತರ ಕೂಟಕ್ಕೂ ಹೋಗಿದ್ದರು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಕುರ್ಚಿಗಳ ಮುಂದೆ ಮಂಡಿಯೂರಿದರು. ಇವರು ಕುರ್ಚಿಗೆ ಪೂಜೆ ಮಾಡುತ್ತಾರೆ ಅಂತ ಅಣ್ಣ ತಂಗಿ ಅಂದುಕೊಂಡರು! ‘ಮಿಷನರಿಗಳು ಮರುಳು ಮಾಡಿದರು’ ಅನ್ನುವವರು ಈ ಪುಟ ಒಮ್ಮೆ ಓದಬೇಕು.

ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ವೇದ ಓದಿದ್ದೀಯಾ ಎಂದು ಕೇಳಿದರು. ಹೆಂಗಸರು ಓದಬಾರದಲ್ಲ ಎಂದರು ರಮಾಬಾಯಿ. ಸೇನರು ವೇದದ ಒಂದು ಪ್ರತಿಯನ್ನೇ ಕೈಗೆ ಕೊಟ್ಟು ಕಳಿಸಿದರು. ಹೆಂಗಸರಿಗೆ ಧರ್ಮ ಬೋಧಿಸಲು ಧರ್ಮಶಾಸ್ತ್ರವನ್ನೂ ಓದಬೇಕಾಯಿತು. ಅಲ್ಲಿ ಅವರು ಕಂಡುಕೊಂಡದ್ದು ಖಡಕ್ಕಾಗಿದೆ. ಧರ್ಮಶಾಸ್ತ್ರ, ಪುರಾಣ, ಕಾವ್ಯ ಒಂದಕ್ಕೊಂದು ಎಷ್ಟೋ ವಿಷಯದಲ್ಲಿ ಹೊಂದುವುದಿಲ್ಲ. ಆದರೆ ಎರಡು ವಿಷಯದಲ್ಲಿ ಎಲ್ಲವಕ್ಕೂ ಒಮ್ಮತ: ಯಾವ ಜಾತಿಯವಳಾದರೂ ಹೆಂಗಸು ಕೆಟ್ಟವಳು, ಮತ್ತು ಗಂಡಸಿನ ಹಾಗೆ ಅವಳಿಗೆ ಮೋಕ್ಷ ಇಲ್ಲ. ಶೂದ್ರರ ಸ್ಥಿತಿಯೂ ಇದೇ ಎಂದು ಅವರು ಜೊತೆಗೇ ಗಮನಿಸಿದರು.

ಅಣ್ಣ 1880ರಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯನ್ನು ಮದುವೆಯಾದರು. ಅವರು ಕಾಯಸ್ಥರು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. ಇಬ್ಬರಿಗೂ ಹಿಂದೂ ಧರ್ಮದಲ್ಲೂ ನಂಬಿಕೆ ಉಳಿದಿರಲಿಲ್ಲ, ಕ್ರೈಸ್ತ ಧರ್ಮದಲ್ಲೂ ಇರಲಿಲ್ಲ. ಹಾಗಾಗಿ 1872ರ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ಸತ್ತರು. ಇಪ್ಪತ್ಮೂರರ ವಿಧವೆ, ಕೈಯಲ್ಲಿ ಕೂಸು.

ವಿಧವೆ ಮೂಲೆ ಸೇರಬೇಕಾದ ಕಾಲ. ರಮಾಬಾಯಿ ಪುಣೆಗೆ ಹೋಗಿ ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು. ಆಗ ಸರ್ಕಾರ ಹಂಟರ್ ಶಿಕ್ಷಣ ಆಯೋಗ ನೇಮಿಸಿತ್ತು. ಅದರ ಮುಂದೆ ಸಾಕ್ಷಿ ಹೇಳಿದರು. ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣುಮಕ್ಕಳ ಓದಿಗೆ ವಿರೋಧಿಗಳು, ಹೆಣ್ಣಿನ ಒಂದು ಸಣ್ಣ ತಪ್ಪು ಕಂಡರೂ ಸಾಸಿವೆಯನ್ನು ಬೆಟ್ಟ ಮಾಡುತ್ತಾರೆ ಅಂದರು. ಓದದವರ ಮೇಲೆ ತಪ್ಪು ಹೊರಿಸುವುದು ಸುಲಭವಿತ್ತು. ಅವರು ಬೆಟ್ಟು ಮಾಡಿದ್ದು ಓದಿದವರನ್ನು, ಅಂದರೆ ಅದೇ ಕೋಣೆಯಲ್ಲಿ ಕೂತಿರಬಹುದಾದವರನ್ನು! ಜೊತೆಗೆ ಎರಡು ಬೇಡಿಕೆ ಇಟ್ಟರು: ಹೆಂಗಸರಿಗೆ ಹೆಂಗಸರೇ ಟೀಚರ್ ಬೇಕು, ಹೆಂಗಸರೇ ಡಾಕ್ಟರ್ ಬೇಕು. ಗಂಡು ಡಾಕ್ಟರಿಗೆ ಮೈ ತೋರಿಸಲಾಗದೆ ಸಾಯುವ ಹೆಂಗಸರ ಲೆಕ್ಕ ಇಟ್ಟವರು ಯಾರು?

ತಾವೇ ಡಾಕ್ಟರ್ ಆಗಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿ ಸರಿಯಾಗಿ ಕೇಳದ ಕಾರಣ ಅದು ಆಗಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಆಶ್ರಮದಲ್ಲಿ ಇದ್ದರು. ಜೊತೆಗೆ ಬಂದಿದ್ದ ಗೆಳತಿ ಅಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಅದೇ ಸೆಪ್ಟೆಂಬರಿನಲ್ಲಿ ರಮಾಬಾಯಿ ಮಗಳ ಸಮೇತ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಮಹಾರಾಷ್ಟ್ರ ಸಿಡಿದೆದ್ದಿತು. ಜ್ಯೋತಿಬಾ ಫುಲೆ ಮಾತ್ರ 1885ರಲ್ಲಿ ತಮ್ಮ ‘ಸತ್ಸಾರ’ದಲ್ಲಿ ಅವರ ಪರ ನಿಂತರು.

ಹಿರಿಯರು ‘ಅಷ್ಟೇ’ ಎಂದು ಮಾತು ಮುಗಿಸುವುದು ಇಲ್ಲಿ. ನನ್ನ ಪ್ರಕಾರ ಕತೆ ರುಚಿಯಾಗುವುದೇ ಇಲ್ಲಿಂದ. ಕ್ರೈಸ್ತರಾದ ಎರಡೇ ವರ್ಷದಲ್ಲಿ ರಮಾಬಾಯಿ ಚರ್ಚಿನ ಜೊತೆ ಜಗಳಕ್ಕೆ ನಿಂತರು. ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಹುಡುಗರಿಗೆ ಭಾರತದ ಭಾಷೆ ಕಲಿಸುವ ಮಾತು ಬಂತು. ಹೆಂಗಸು ಗಂಡಸರಿಗೆ ಕಲಿಸುವುದು ಬೇಡ ಎಂದರು ಬಿಷಪ್ಪರು. ರಮಾಬಾಯಿಗೆ ಆಶ್ಚರ್ಯವೂ ಸಿಟ್ಟೂ ಒಟ್ಟಿಗೆ ಬಂದವು. ನನ್ನ ಅಪ್ಪನಾಗಲಿ ಗಂಡನಾಗಲಿ ಬೇಡ ಅನ್ನಲಿಲ್ಲ, ನೀವು ಅನ್ನುತ್ತೀರಲ್ಲ ಎಂದು ಬರೆದರು. ಏಸುವಿನ ತಾಯಿ ಕನ್ಯೆ ಎಂಬುದನ್ನೂ, ದೇವರಲ್ಲಿ ಮೂವರು ಎಂಬುದನ್ನೂ ನನಗೆ ಅರ್ಥವಾಗದೆ ಒಪ್ಪಲಾರೆ ಎಂದು ವಾದಿಸಿದರು. ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತಿದ್ದ ಸಿಸ್ಟರ್ ಜೆರಾಲ್ಡೀನ್ ‘ಅಹಂಕಾರ’ ಎಂದು ಗದರಿಸಿದಾಗ ಉತ್ತರ ಹೀಗೆ: ಭಾರತದ ಪುರೋಹಿತರ ನೊಗದಿಂದ ಬಹಳ ಕಷ್ಟಪಟ್ಟು ಈಗಷ್ಟೇ ಬಿಡಿಸಿಕೊಂಡು ಬಂದಿದ್ದೇನೆ, ಅಂಥದ್ದೇ ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡಲು ಸದ್ಯ ತಯಾರಿಲ್ಲ. ನನಗೆ ನನ್ನದೇ ಮನಸ್ಸಾಕ್ಷಿ, ಬುದ್ಧಿ, ವಿವೇಚನೆ ಇದೆ ಎಂದೂ ಬರೆದರು. ಪರದೇಶದಲ್ಲಿ, ಆ ಜನರ ಮನೆಯಲ್ಲೇ ಉಂಡುಕೊಂಡು ಇದ್ದಾಗ ಬರೆದ ಕಾಗದ ಇದು.

1886ರಲ್ಲಿ ಅಮೆರಿಕ. ಸಂಬಂಧಿ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಹೋದವರು ಎರಡು ವರ್ಷಕ್ಕೂ ಜಾಸ್ತಿ ಉಳಿದರು. ಅಲ್ಲಿಯ ಶಾಲೆ, ಹೆಂಗಸರ ಸಂಘ, ಸಭೆ ನಡೆಸುವ ರೀತಿ ಎಲ್ಲಾ ನೋಡಿದರು. ಮರಾಠಿಯಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಮೆಚ್ಚಿದ್ದನ್ನು ಮೆಚ್ಚಿದರು. ಕರಿಯರನ್ನೂ ಮೂಲನಿವಾಸಿಗಳನ್ನೂ ಆ ದೇಶ ನಡೆಸಿಕೊಂಡ ರೀತಿಯನ್ನು ಬೈದೂ ಬರೆದರು.

1887ರಲ್ಲಿ ಬಂದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಅವರ ಮುಖ್ಯ ಪುಸ್ತಕ. ಮೇಲ್ಜಾತಿಯ ಹೆಣ್ಣಿನ ಬಾಲ್ಯ, ಮದುವೆ, ವೈಧವ್ಯವನ್ನು ಹಂತ ಹಂತವಾಗಿ ಬಿಡಿಸಿ ಇಡುತ್ತದೆ. ಮನುವಿನ ಶ್ಲೋಕಗಳನ್ನು ಅಧ್ಯಾಯ ಸಮೇತ ಕೊಡುತ್ತಾರೆ. ಪಕ್ಕದಲ್ಲೇ ಜನಗಣತಿ. 1881ರ ಲೆಕ್ಕದಲ್ಲಿ ಒಂಬತ್ತು ವರ್ಷದೊಳಗಿನ ವಿಧವೆಯರು 78,976. ಹತ್ತರಿಂದ ಹದಿನಾಲ್ಕರವರು 2,07,388. ಹದಿನೈದರಿಂದ ಹತ್ತೊಂಬತ್ತರವರು 3,82,736. ಎಲ್ಲಾ ಕೂಡಿದರೆ ಇಪ್ಪತ್ತು ತುಂಬದ ವಿಧವೆಯರೇ 6,69,100. ಕಣ್ಣೀರು ಹಾಕಿಸುವ ಮಾತು ಆ ಕಾಲದ ಎಷ್ಟೋ ಸುಧಾರಕರು ಆಡುತ್ತಿದ್ದರು. ರಮಾಬಾಯಿ ಶ್ಲೋಕದ ಪಕ್ಕ ಸಂಖ್ಯೆ ಇಟ್ಟರು. ಅದಕ್ಕೇ ಅವರಿಗೆ ಉತ್ತರ ಕೊಡುವುದು ಕಷ್ಟವಾಯಿತು.

ಸರ್ಕಾರವನ್ನೂ ಅವರು ಬಿಡಲಿಲ್ಲ. ಅದೇ ಹೊತ್ತಿಗೆ ಮುಂಬಯಿಯಲ್ಲಿ ರಖ್ಮಾಬಾಯಿ ಮೊಕದ್ದಮೆ ನಡೆದಿತ್ತು. ಹನ್ನೊಂದರಲ್ಲಿ ಮದುವೆಯಾದ ರಖ್ಮಾಬಾಯಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದಳು. ಗಂಡ ಕೋರ್ಟಿಗೆ ಹೋದ. 1887ರಲ್ಲಿ ತೀರ್ಪು ಬಂತು: ಗಂಡನ ಜೊತೆ ಇರು, ಇಲ್ಲವೇ ಆರು ತಿಂಗಳು ಜೈಲು. ಜೈಲಿಗೇ ಹೋಗುತ್ತೇನೆ ಅಂದಳು ಆಕೆ. ರಮಾಬಾಯಿ ಪುಸ್ತಕದಲ್ಲಿ ಬರೆದರು: ಈ ತೀರ್ಪು ನಮಗೇನೂ ಆಶ್ಚರ್ಯ ಅಲ್ಲ. ಬಲಶಾಲಿ ಹಿಂದೂ ಕಾನೂನು, ಪ್ರಬಲ ಬ್ರಿಟಿಷ್ ಸರ್ಕಾರ, 12 ಕೋಟಿ 90 ಲಕ್ಷ ಗಂಡಸರು, 33 ಕೋಟಿ ದೇವರು, ಇಷ್ಟೂ ಜನ ಸೇರಿ ತುಳಿಯಲು ಹೊರಟಾಗ ಒಬ್ಬ ಅಸಹಾಯಕ ಹೆಣ್ಣು ದನಿ ಎತ್ತಿದಳಲ್ಲ, ಅದೇ ಆಶ್ಚರ್ಯ. ಆ ಸಾಲಿನಲ್ಲಿ ಸರ್ಕಾರ ಎಲ್ಲಿ ನಿಂತಿದೆ ನೋಡಿ. ಬ್ರಿಟಿಷರು ಬಂದು ಭಾರತದ ಹೆಣ್ಣನ್ನು ಉದ್ಧರಿಸಿದರು ಎನ್ನುವ ಕತೆಯನ್ನು ಅವರು ಒಪ್ಪಲೇ ಇಲ್ಲ. ಹಿಂದೂ ಗಂಡಸರು ಬೇಜಾರು ಮಾಡಿಕೊಳ್ಳಬಾರದು ಅಂತ ಸರ್ಕಾರ ಹೆಂಗಸರನ್ನು ಬಿಟ್ಟುಕೊಟ್ಟಿತು ಎಂಬುದು ಅವರ ಆರೋಪ.

ಹಾಗಾದರೆ ದಾರಿ ಏನು? ಪುಸ್ತಕದ ಕೊನೆಯಲ್ಲಿ ಮೂರು ಅಗತ್ಯ ಹೇಳುತ್ತಾರೆ: ಸ್ವಾವಲಂಬನೆ, ಶಿಕ್ಷಣ, ನಮ್ಮದೇ ಹೆಂಗಸು ಶಿಕ್ಷಕಿಯರು. ಈ ಕ್ರಮ ಗಮನಿಸಬೇಕು. ಆ ಕಾಲದ ಸುಧಾರಕರಿಗೆ ವಿಧವೆಗೆ ಮರುಮದುವೆ ಮಾಡಿಸುವುದೇ ದೊಡ್ಡ ಪರಿಹಾರ. ಒಬ್ಬ ಗಂಡ ಹೋದ, ಇನ್ನೊಬ್ಬನನ್ನು ಹುಡುಕೋಣ. ರಮಾಬಾಯಿ ಮರುಮದುವೆಗೆ ವಿರೋಧಿಯಲ್ಲ. ಆದರೆ ಅದು ಎಲ್ಲರಿಗೂ ಸಿಗುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಅವಳಿಗೆ ಮೊದಲು ಬೇಕಾದ್ದು ಇರಲು ಒಂದು ಮನೆ, ಓದು, ದುಡಿದು ತಿನ್ನುವ ಒಂದು ಕೆಲಸ. ಗಂಡಸಿನ ಹಂಗಿಲ್ಲದೆ ಹೆಣ್ಣು ಬದುಕುವ ವ್ಯವಸ್ಥೆ ಕಟ್ಟಬೇಕು ಅನ್ನುವುದು 1887ರಲ್ಲಿ ಎಷ್ಟು ದೊಡ್ಡ ಮಾತು, ಯೋಚಿಸಿ. ಅವರ ವಿಚಾರಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಅಮೆರಿಕದ ಬೆಂಬಲಿಗರು ಬಾಸ್ಟನ್‌ನಲ್ಲಿ ರಮಾಬಾಯಿ ಸಂಘ ಕಟ್ಟಿ, ಹಣ ಕೊಡಲು ಒಪ್ಪಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರು ಇದ್ದು ಓದುವ ಶಾಲೆ ಶಾರದಾ ಸದನ ಶುರುವಾಯಿತು. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಇದ್ದರು. 1893ರಲ್ಲಿ ಅವರು ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು. ಹೌದು, ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಅದೇ ಕರ್ವೆ.

1889ರ ಡಿಸೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಕೆಲವು ಹೆಂಗಸರು ಪ್ರತಿನಿಧಿಗಳಾಗಿ ಬಂದರು. ರಮಾಬಾಯಿಯೂ ಇದ್ದರು. ಅದರ ಜೊತೆ ನಡೆದ ಸಾಮಾಜಿಕ ಸಮ್ಮೇಳನದಲ್ಲಿ ವಿಧವೆಯರ ತಲೆ ಬೋಳಿಸುವುದರ ವಿರುದ್ಧ ಮಾತಾಡಲು ಎದ್ದರು. ಸಾವಿರಾರು ಗಂಡಸರ ಸಭೆ. ಗದ್ದಲ ಅಡಗುವವರೆಗೆ ಕಾದು, ನನ್ನ ದನಿ ಸಣ್ಣದಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ, ಹೆಣ್ಣಿಗೆ ದನಿ ಗಟ್ಟಿ ಮಾಡಿಕೊಳ್ಳುವ ಅವಕಾಶವನ್ನೇ ನೀವು ಕೊಟ್ಟಿಲ್ಲವಲ್ಲ ಎಂದರು.

ಶಾರದಾ ಸದನದಲ್ಲಿ ಧರ್ಮಬೋಧೆ ಇರುವುದಿಲ್ಲ ಎಂಬ ಷರತ್ತಿತ್ತು. ಬ್ರಾಹ್ಮಣ ಹುಡುಗಿಯರಿಗೆ ಅವರ ಆಚಾರದಂತೆ ಅಡುಗೆ, ಊಟ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಟಿಳಕರ ‘ಕೇಸರಿ’ ಪತ್ರಿಕೆ ಇದನ್ನು ಹಿಡಿದು ದಾಳಿ ಮಾಡಿತು. 1893ರಲ್ಲಿ ಸಲಹೆಗಾರರಾಗಿದ್ದ ರಾನಡೆ, ಭಂಡಾರ್ಕರ್ ಮುಂತಾದ ಸುಧಾರಕರು ರಾಜೀನಾಮೆ ಕೊಟ್ಟರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇಲ್ಲಿ ನಾನು ಎರಡೂ ಕಡೆ ನಿಲ್ಲುತ್ತೇನೆ. ಬಾಗಿಲು ತೆರೆದಿಟ್ಟದ್ದು ಅಷ್ಟೇನೂ ಅಮಾಯಕ ಕೆಲಸವಲ್ಲ. ಹಾಸ್ಟೆಲಿನ ಯಜಮಾನಿ ಮಾಡುವುದನ್ನು ಹುಡುಗಿಯರು ಅನುಸರಿಸುತ್ತಾರೆ ಅಂತ ಅವರಿಗೆ ಗೊತ್ತಿಲ್ಲವೇ? ಆದರೆ ‘ಕೇಸರಿ’ಗೆ ಹೆಣ್ಣುಮಕ್ಕಳ ಹೈಸ್ಕೂಲು ಶಿಕ್ಷಣದ ಬಗ್ಗೆಯೂ, 1891ರಲ್ಲಿ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಕಾಯ್ದೆಯ ಬಗ್ಗೆಯೂ ಇಷ್ಟೇ ಸಿಟ್ಟಿತ್ತು. ಹಾಗಾಗಿ ಅದರ ಕಳವಳ ಬರೀ ಮತಾಂತರದ್ದು ಅಂತ ಒಪ್ಪುವುದು ಕಷ್ಟ.

1896ರಲ್ಲಿ ಮಧ್ಯ ಪ್ರಾಂತದಲ್ಲಿ ಬರ ಬಿತ್ತು. ರಮಾಬಾಯಿ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಆಗಲೇ ಪುಣೆಯಲ್ಲಿ ಪ್ಲೇಗ್. ಊರಲ್ಲಿ ಜನ ಸೇರಿಸಬಾರದು. ಕೇಡಗಾಂವ್‌ನಲ್ಲಿ ಸುಮಾರು 100 ಎಕರೆ ಜಮೀನು ಮೊದಲೇ ಕೊಂಡಿದ್ದರು, ಅಲ್ಲಿಗೆ ಎಲ್ಲರನ್ನೂ ಸಾಗಿಸಿದರು. ಅದೇ ಮುಕ್ತಿ ಸದನ. 1897ರಲ್ಲಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲ ಎಂದು ಮುಂಬಯಿಯ ಪತ್ರಿಕೆಗೆ ಕಾಗದ ಬರೆದು ಗವರ್ನರರ ಕೋಪಕ್ಕೂ ಗುರಿಯಾದರು. ಕ್ರೈಸ್ತರಾದ ಕಾರಣಕ್ಕೆ ಸರ್ಕಾರದ ಬಾಲ ಹಿಡಿದವರು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

1900ರ ಗುಜರಾತ್ ಬರದ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಜನ. ಬಾವಿ, ಹೊಲ, ಹೈನು, ಮಗ್ಗ, ಎಣ್ಣೆ ಗಾಣ, ಮುದ್ರಣಾಲಯ. ಅಚ್ಚಿನ ಮೊಳೆ ಜೋಡಿಸುವುದರಿಂದ ಹಿಡಿದು ಎತ್ತು ನೋಡಿಕೊಳ್ಳುವವರೆಗೆ ಹೆಂಗಸರೇ. ಅಂಧ ಹುಡುಗಿಯರಿಗೆ ಮಗಳು ಮನೋರಮಾ ಬ್ರೈಲ್ ಕಲಿಸಿದಳು. ‘ಹಾಳಾದವರು’ ಎಂದು ಸಮಾಜ ಬಿಟ್ಟವರಿಗೆ ಕೃಪಾ ಸದನ. ಪುಸ್ತಕದಲ್ಲಿ ಹೇಳಿದ ಸ್ವಾವಲಂಬನೆ ಇಲ್ಲಿ ದಿನನಿತ್ಯದ ಕೆಲಸವಾಗಿ ಕಣ್ಣಿಗೆ ಕಾಣುತ್ತದೆ.

ಈಗ ತಕರಾರುಗಳು. ಪ್ರಬಂಧದಲ್ಲಿ ಇವನ್ನು ಮರೆಮಾಚಬೇಡಿ. ಮೊದಲನೆಯದು ಜಾತಿ. ಅವರ ಪುಸ್ತಕದ ಹೆಸರೇ ಹೇಳುವಂತೆ ನೋಟ ಇದ್ದದ್ದು ಮೇಲ್ಜಾತಿಯ ಹೆಣ್ಣಿನ ಮೇಲೆ. ಮುಕ್ತಿಯ ಕಾಲಕ್ಕೆ ಎಲ್ಲಾ ಜಾತಿಯ ಹುಡುಗಿಯರು ಬಂದರು. ಅದನ್ನು ಮಾಡಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಬರಗಾಲ. ಎರಡನೆಯದು, ಅಮೆರಿಕದ ಸಭೆಗಳಲ್ಲಿ ಭಾರತದ ಕತ್ತಲೆಯನ್ನೇ ಜಾಸ್ತಿ ತೋರಿಸಿದರು ಎಂಬುದು. ವಿವೇಕಾನಂದರಿಗೂ ಅಲ್ಲಿನ ರಮಾಬಾಯಿ ಬೆಂಬಲಿಗರಿಗೂ ಇದೇ ವಿಷಯಕ್ಕೆ ಜಟಾಪಟಿ ನಡೆಯಿತು. ಹಣ ಎತ್ತುವ ಭಾಷಣದಲ್ಲಿ ಬಣ್ಣ ಗಾಢವಾಗುವುದು ನಿಜ. ಆದರೆ ವಿಧವೆಯರ ಸಂಖ್ಯೆ ಜನಗಣತಿಯದ್ದು, ಅದಕ್ಕೆ ಯಾರೂ ಬಣ್ಣ ಹಚ್ಚಿರಲಿಲ್ಲ.

ಮೂರನೆಯದು ಮತಾಂತರ, ಇದು ಗಟ್ಟಿಯಾದ ತಕರಾರು. ಮುಕ್ತಿ ಮುಚ್ಚುಮರೆ ಇಲ್ಲದ ಕ್ರೈಸ್ತ ಸಂಸ್ಥೆ. ಅಲ್ಲಿ ಬೆಳೆದ ನೂರಾರು ಹುಡುಗಿಯರು ಕ್ರೈಸ್ತರಾದರು. ಬಲವಂತ ಇರಲಿಲ್ಲ ಎಂದು ರಮಾಬಾಯಿ ಹೇಳುತ್ತಿದ್ದರು, ಅದು ಸುಳ್ಳು ಅನ್ನಲು ನನ್ನ ಬಳಿ ಆಧಾರ ಇಲ್ಲ. ಆದರೂ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಅನ್ನ ಹಾಕಿದವರ ಮನೆಯಲ್ಲಿ ಬೆಳೆಯುವ ಹನ್ನೆರಡರ ಹುಡುಗಿಯ ಆಯ್ಕೆ ಎಷ್ಟು ಸ್ವತಂತ್ರ? ಸಿಸ್ಟರ್ ಜೆರಾಲ್ಡೀನ್‌ಗೆ ‘ನನಗೆ ನನ್ನದೇ ವಿವೇಚನೆ ಇದೆ’ ಎಂದು ಬರೆಯುವ ಶಕ್ತಿ ರಮಾಬಾಯಿಗೆ ಇತ್ತು. ಸಂಸ್ಕೃತ, ಪ್ರಯಾಣ, ಹೆಸರು ಎಲ್ಲಾ ಅವರ ಬೆನ್ನಿಗಿತ್ತು. ಮುಕ್ತಿಯ ಹುಡುಗಿಗೆ ಅದು ಇರಲಿಲ್ಲ. ಈ ಪ್ರಶ್ನೆ ಕೇಳುವುದು ಅವರನ್ನು ಹೀಗಳೆದಂತೆ ಆಗುವುದಿಲ್ಲ. ಇದೇ ಪ್ರಶ್ನೆಯನ್ನು ಹುಡುಗಿಯರನ್ನು ಹೊರಗೆ ಹಾಕಿದ ಮನೆಗಳಿಗೂ ಕೇಳಬೇಕು, ಅಷ್ಟೇ.

ಕನ್ನಡ ನಾಡಿನ ನಂಟು ಗಂಗಾಮೂಲಕ್ಕೇ ಮುಗಿಯಲಿಲ್ಲ. 1913ರ ಸುಮಾರಿಗೆ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಮುಕ್ತಿಯ ಕಡೆಯಿಂದ ಒಂದು ಶಾಲೆ ಶುರುವಾಯಿತು. ಮನೋರಮಾ ಅದರ ಹೊಣೆ ಹೊತ್ತಿದ್ದರು. ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. 1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ಮನೋರಮಾ ತೀರಿಕೊಂಡರು, 1922ರ ಏಪ್ರಿಲ್ 5ರಂದು ರಮಾಬಾಯಿ. ಸ್ವತಂತ್ರ ಭಾರತ 1989ರಲ್ಲಿ ಅಂಚೆಚೀಟಿ ತಂದಿತು.

ಮಗಳು ಮೂಲ ಓದಬೇಕೆಂದರೆ ಎರಡು ಸಾಕು: 1887ರ ಆ ಪುಸ್ತಕ, ಮತ್ತು 1907ರಲ್ಲಿ ಬರೆದ ಆತ್ಮಕಥನ ‘ಎ ಟೆಸ್ಟಿಮನಿ’. ಎರಡನ್ನೂ ಜೊತೆಗೇ ಓದಲಿ. ಮೊದಲನೆಯದು ವಕೀಲೆಯ ಹಾಗೆ ವಾದಿಸುತ್ತದೆ. ಎರಡನೆಯದು ಭಕ್ತೆಯ ಪುಸ್ತಕ, ಹಳೆಯದೆಲ್ಲವನ್ನೂ ಏಸುವಿನ ಕಡೆ ನಡೆದ ದಾರಿಯಾಗಿ ನೋಡುತ್ತದೆ. ಅದನ್ನೊಂದೇ ಓದಿದರೆ ಬಿಷಪ್ಪರ ಜೊತೆ ಜಗಳವಾಡಿದ ರಮಾಬಾಯಿ ಸಿಗುವುದಿಲ್ಲ. ಅದಕ್ಕೆ ಇಂಗ್ಲೆಂಡಿನ ಕಾಗದಗಳನ್ನು ಹುಡುಕಬೇಕು. ಅವೂ ಅಚ್ಚಾಗಿವೆ.